ಹೊರಗಿನಾಂವ ಅಲ್ಲಲ್ಲ!

ಸಂಶಿಯ ಬಸ್ಸಿನಲ್ಲಿ ಕಂಡಕ್ಟರನ ಸಂಗಡ ತಕರಾರು ಮಾಡದೆ ನನ್ನ ಗೆಳತಿ ಒಂದು ದಿನವಾದರೂ ಕಾಲೇಜಿಗೆ ಹೋದದ್ದು ನನಗೆ ನೆನಪಿಲ್ಲ. ನಮ್ಮದು ಕುಂದಗೋಳ ತಾಲೂಕಿನ ಎರೆಹೊಲದ ಊರು. ಮಳೆ ಬಿತ್ತೆಂದರೆ ಎರೆಮಣ್ಣು ಅಂಟಿ ಚಪ್ಪಲಿ ಎತ್ತುವುದೇ ಕಷ್ಟ. ಆ ಕೆಸರುಗಾಲಿನಲ್ಲೇ ಅವಳು ಬಸ್ಸು ಹತ್ತುವಳು. ಕಂಡಕ್ಟರ್ "ಏ ಹುಡುಗಿ, ಕಾಲ ಝಾಡಿಸಿ ಹತ್ತು" ಅನ್ನುವನು. ಇವಳು, "ಮಣ್ಣ ನಮ್ಮೂರದು, ಬಸ್ಸು ಸರಕಾರದ್ದು, ಇದರಾಗ ನಿಮ್ಮದೇನ ಹೋತ್ರಿ?" ಅನ್ನುವಳು. ಬಸ್ಸಿನ ತುಂಬ ನಗು. ನಾನು ನಾಚಿಕೆಯಿಂದ ಕಿಟಕಿಯ ಕಡೆಗೆ ಮುಖ ಮಾಡಿ ಕೂಡುತ್ತಿದ್ದೆ.

ಅವಳು ಹೋಗಿ ನಾಲ್ಕು ತಿಂಗಳಾಯಿತು. ಕಿಡ್ನಿ ಕೆಟ್ಟಿತ್ತು. ಮೂವತ್ತೇಳು ಸಾಯುವ ವಯಸ್ಸೇ? ಹೆಸರು ಬರೆಯುವುದಿಲ್ಲ, ಅವಳಿಗೊಬ್ಬ ಮಗಳಿದ್ದಾಳೆ. ಮಣ್ಣಿಗೆ ಬಂದವರೆಲ್ಲ ಅವಳನ್ನು ಹೊಗಳಿದ್ದೇ ಹೊಗಳಿದ್ದು. "ಸೋದರಮಾವನ್ನ ಮಾಡಿಕೊಂಡು ತಾಯಿ ತವರುಮನಿ ದೀಪ ಉಳಿಸಿದ್ಳು ನೋಡ್ರಿ, ಅಂಥಾ ಹೆಣ್ಣ ಎಲ್ಲಿ ಹುಟ್ಟಬೇಕು?" ಅಂದರು. ಕೇಳಿ ನನ್ನ ಮೈ ಉರಿಯಿತು. ಆದರೆ ಆ ಮನೆಯ ಪಡಸಾಲೆಯಲ್ಲಿ ಕೂತು ನಾನೂ ಹೂಂ ಹೂಂ ಎಂದು ತಲೆ ಹಾಕಿದೆ. ತಲೆ ಹಾಕುವುದು ನನಗೆ ಚೆನ್ನಾಗಿ ಬರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಾತಿನಲ್ಲಿ ಅವಳನ್ನು ಗೆದ್ದವರಿಲ್ಲ. ಒಂದು ಕೇಳಿದರೆ ಇನ್ನೊಂದಕ್ಕೆ ಉತ್ತರ ಕೊಡುವವರನ್ನು ಕಂಡರೆ ಅವಳಿಗೆ ಸಿಟ್ಟು. "ನಾ ಕೇಳಿದ್ದು ಜ್ವಾಳ, ನೀ ಅಳದದ್ದು ಗೋದಿ" ಅನ್ನುತ್ತಿದ್ದಳು. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಸರ್‌ಗೂ ಒಮ್ಮೆ ಹಾಗೇ ಅಂದು ತರಗತಿಯ ಹೊರಗೆ ನಿಂತಿದ್ದಳು. ಹೊರಗೆ ನಿಂತವಳು ಸುಮ್ಮನೆ ನಿಲ್ಲಬಾರದೇ? ಓಢಣಿಯ ತುದಿಗೆ ಕಟ್ಟಿಕೊಂಡು ತಂದಿದ್ದ ಹಸಿ ಕಡಲೆ ಸುಲಿದು ತಿನ್ನುತ್ತ, ಕಿಟಕಿಯಿಂದ ನನ್ನ ಕಡೆಗೂ ನಾಲ್ಕು ಕಾಳು ತೂರಿದಳು. ನನಗೆ ನಗು ತಡೆಯಲಿಲ್ಲ. ಎರಡು ನಿಮಿಷದಲ್ಲಿ ನಾನೂ ಅವಳ ಬಾಜೂಕ್ಕೆ ನಿಂತಿದ್ದೆ.

ತೊಟ್ಟಿಲಲ್ಲಿದ್ದಾಗಿನಿಂದ ಅವಳನ್ನು ಮನೆಮಂದಿ "ಮಾಮಾನ ಹೇಣ್ತಿ" ಎಂದು ಆಡಿಸುತ್ತಿದ್ದರಂತೆ. ನಮ್ಮ ಕಡೆ ಅಕ್ಕನ ಮಗಳ ಮೇಲೆ ತಮ್ಮನಿಗೆ ಹಕ್ಕು. ಹಕ್ಕು ಅನ್ನುವ ಮಾತನ್ನೇ ಬಳಸುತ್ತಾರೆ. ಆ ಮಾಮಾ ಅವಳ ತಾಯಿಯ ಕಿರಿಯ ತಮ್ಮ, ಇವಳಿಗಿಂತ ಎಂಟು ವರ್ಷಕ್ಕೆ ದೊಡ್ಡವನು. ಕಲಘಟಗಿ ಕಡೆಯ ಊರಲ್ಲಿ ತಾಯಿಯ ಸಂಗಡ ಇದ್ದು ಹೊಲಮನೆ ನೋಡಿಕೊಂಡಿದ್ದ. ಬಂದಾಗಲೆಲ್ಲ ಪೇಡೆ ತಂದು ಓಣಿಯ ಹುಡುಗಿಯರಿಗೆಲ್ಲ ಹಂಚುತ್ತಿದ್ದ. "ಬಂದಾ ನೋಡ ನಿನ್ನ ಗಂಡ" ಎಂದು ನಾವು ಕಾಡುತ್ತಿದ್ದೆವು. "ಹೋಗ್ರೇ, ನನಗ ಬಿ.ಎಡ್. ಮಾಡಿ ಟೀಚರ್ ಆಗೂದೈತಿ" ಎಂದು ಅವಳು ನಕ್ಕು ಬಿಡುತ್ತಿದ್ದಳು. ಹಾಗೆ ಕಾಡುವುದರಲ್ಲಿ ನಾನೇ ಮುಂದು.

ನಮಗಾಗ ಹತ್ತೊಂಬತ್ತು. ಸಂಕ್ರಾಂತಿ ಮುಗಿದು ಅವಳ ಮನೆಯ ಅಂಗಳದಲ್ಲಿ ಮೆಣಸಿನಕಾಯಿ ರಾಶಿ ಬಿದ್ದಿತ್ತು. ತೊಟ್ಟು ಮುರಿಯಲು ಓಣಿಯ ಹೆಂಗಸರೆಲ್ಲ ಸುತ್ತ ಕೂತಿದ್ದರು. ಆ ಕೆಲಸ ಮಾಡಿದವರಿಗೆ ಗೊತ್ತು, ಘಾಟಿಗೆ ಎಲ್ಲರ ಕಣ್ಣು ಮೂಗೂ ಸುರಿಯುತ್ತಿರುತ್ತವೆ, ಉರಿಯುವ ಕೈಯಿಂದ ಒರೆಸಿಕೊಳ್ಳುವಂತೆಯೂ ಇಲ್ಲ. ಅಲ್ಲಿ ಯಾರು ಅತ್ತರೂ ಯಾಕೆಂದು ಯಾರೂ ಕೇಳುವುದಿಲ್ಲ. ನಾವಿಬ್ಬರೂ ರಾಶಿಯ ಆಚೆ ತುದಿಗೆ ಗೋಡೆಗೆ ಆನಿಕೊಂಡು ಕೂತಿದ್ದೆವು. ಅವಳು ಹೇಳಲು ಆ ಜಾಗವನ್ನು ಬೇಕೆಂದೇ ಆರಿಸಿಕೊಂಡಿದ್ದಳೆಂದು ನನಗೆ ಬಹಳ ವರ್ಷಗಳ ಮೇಲೆ ಹೊಳೆಯಿತು.

"ದೀಪಾವಳಿ ಆದ ಮ್ಯಾಲ ಆಯಿ ಕಣ್ಣಿನ ಆಪರೇಷನ್ ಅಂತ ಅಡಗಿ ಮಾಡಾಕ ಹೋಗಿದ್ನಲ್ಲ," ಅಂದಳು. ಆಯಿ ಅಂದರೆ ಅವಳ ತಾಯಿಯ ತಾಯಿ, ಆ ಮಾಮಾನ ತಾಯಿ. "ಆವಾಗ ಮಾಮಾ ನನ್ನ ಮ್ಯಾಲ ಜುಲುಮಿ ಮಾಡಿದಾ. ನಾ ಒಲ್ಲೆ ಅಂದ್ನಿ. ಕಾಲ ಹಿಡದ್ನಿ. ಬಾಯಿ ಒತ್ತಿ ಹಿಡದಾ. ಆಯಿ ಕಣ್ಣಿಗೆ ಪಟ್ಟಿ ಕಟಗೊಂಡು ಪಡಸಾಲಿಯೊಳಗ ಮಲಗಿದ್ಳು. ಅಕಿಗೆ ಕೇಳಸ್ತೈತಿ, ಎದ್ದ ಬರತಾಳ ಅಂತ ಮಾಡಿದ್ನಿ."

ದನಿಯಲ್ಲಿ ಏರಿಳಿತವೇ ಇರಲಿಲ್ಲ. ಅವಳ ಕಣ್ಣು ಸುರಿಯುತ್ತಿದ್ದವು, ನನ್ನವೂ ಸುರಿಯುತ್ತಿದ್ದವು, ಎಲ್ಲರವೂ. ಆಗ ನಾನು ಅಂದೆ, "ಅಯ್ಯ, ಹೆಂಗೂ ನಿನ್ನ ಲಗ್ನ ಆಗಾಂವ ಅಲ್ಲೇನ ಅಂವ? ಹೊರಗಿನಾಂವ ಅಲ್ಲಲ್ಲ!"

ಈ ಮಾತನ್ನು ಮುಂದೆ ಅವಳ ಮನೆಯಲ್ಲಿ ಎಲ್ಲರೂ ಅಂದರು. ಆದರೆ ಮೊದಲು ಅಂದವಳು ನಾನು. ಅನ್ನುತ್ತ ಅನ್ನುತ್ತ ಇನ್ನೆರಡು ಕಾಯಿಯ ತೊಟ್ಟೂ ಮುರಿದೆ, ಕೈ ನಿಲ್ಲಿಸಲಿಲ್ಲ. ಅವಳು ನನ್ನನ್ನು ನೋಡಿದಳು. ಜೋಳ ಗೋದಿಯ ಮಾತು ಅನ್ನುತ್ತಾಳೆಂದುಕೊಂಡೆ. ಅನ್ನಲಿಲ್ಲ. "ಹೌದಲ್ಲ," ಎಂದು ಮತ್ತೆ ಕಾಯಿ ಕೈಗೆತ್ತಿಕೊಂಡಳು.

ನನ್ನಿಂದ ಏನೂ ಗಿಟ್ಟಲಿಲ್ಲವೆಂದು ಆ ವಾರವೇ ತಾಯಿಗೆ ಹೇಳಿದಳು. ತಾಯಿ ಮೊದಲು ಎದೆ ಬಡಿದುಕೊಂಡಳಂತೆ. ಆಮೇಲೆ ದೇವರ ಜಗುಲಿಯ ಮುಂದೆ ದೀಪ ಹಚ್ಚಿ ಕೂತಳಂತೆ. ಒಂದು ತಾಸಿನ ಮೇಲೆ ಎದ್ದು ಬಂದಾಗ ಅವಳ ಮುಖವೇ ಬೇರೆಯಾಗಿತ್ತು. "ಹೊರಗಿನಾಂವ ಆಗಿದ್ರ ನಾ ಬಾಂವಿ ನೋಡಬೇಕಾಗಿತ್ತು. ದೇವರು ದೊಡ್ಡಾಂವ ನನ ಯವ್ವಾ, ನಮ್ಮಾಂವನ ಅದಾನ" ಎಂದು ಮಗಳ ತಲೆಗೆ ಎಣ್ಣೆ ಹಾಕಿ ತಿಕ್ಕಿದಳು. ಅಪ್ಪ ಅವಳ ಮುಖ ನೋಡದೆ, "ಮುಂದಿನ ವರ್ಷ ಮಾಡೂದನ್ನ ಈ ವರ್ಷ ಮಾಡೂಣು. ಯುಗಾದಿ ಒಂದ ಆಗಲಿ" ಅಂದ. ಎಂದೂ ಏನೂ ತರದ ಮನುಷ್ಯ, ಹುಬ್ಬಳ್ಳಿಗೆ ಹೋದವನು ಅವಳಿಗೊಂದು ಸ್ವೆಟರ್ ತಂದ.

ನೋಡಿರಿ, ಇಂಥ ಮಾತು ಬಂದಾಗ ಹುಡುಗಿಯನ್ನು ಯಾರೂ ನಂಬಲಿಲ್ಲ, ಹೊಡೆದರು, ಬಯ್ದರು ಎಂದೇ ಕೇಳಿರುತ್ತೇವೆ. ಅವಳ ಮನೆಯಲ್ಲಿ ಒಬ್ಬರೂ ಒಂದು ಬಿರುಸು ಮಾತಾಡಲಿಲ್ಲ. ಎಲ್ಲರೂ ನಂಬಿದರು, ಹೇಳಿದ ಕೂಡಲೇ ನಂಬಿದರು. ನಂಬಿ, ಮುಹೂರ್ತ ನೋಡಲು ಹೊರಟರು. ಅವಳು ಗಾಯ ತೋರಿಸಿದರೆ ಇವರು ಬಳೆಯ ಅಳತೆ ತೆಗೆದುಕೊಂಡರು. ಸಿಟ್ಟಾಗಬೇಕೆಂದರೆ ಎದುರಿಗೆ ಸಿಟ್ಟಿನವರೇ ಇಲ್ಲ. ತುಪ್ಪ ಹಾಕಿ ಉಣ್ಣಿಸುವವರ ಸಂಗಡ ಹೇಗೆ ಜಗಳವಾಡುವುದು? ಎರಡು ವಾರದಲ್ಲಿ ಅವಳು ಬಸ್ಸಿನಲ್ಲಿ ಕಂಡಕ್ಟರನ ಮಾತಿಗೂ ಉತ್ತರ ಕೊಡುವುದನ್ನು ಬಿಟ್ಟಳು. ಕಂಡಕ್ಟರನೇ ನನ್ನನ್ನು ಕೇಳಿದ, "ಯಾಕವಾ, ನಿಮ್ಮ ಗೆಳತಿಗೆ ಆರಾಮಿಲ್ಲೇನು?"

ಒಂದು ಸಂಜೆ ನಮ್ಮ ಹಿತ್ತಲಿಗೆ ಬಂದಳು. ನಾನು ಬಟ್ಟೆ ಹಿಂಡುತ್ತಿದ್ದೆ.

"ನಾ ಒಲ್ಲೆ ಅಂದ್ರ ನಾಚತಾಳ ಅಂತಾರ. ಅತ್ರ, ತವರ ಬಿಡೂ ಸಂಕಟ ಅಂತಾರ. ನನ್ನ ಬಾಯಾಗಿಂದ ಏನ ಬಂದ್ರೂ ಅದು ಲಗ್ನದ ಮಾತ ಆಗತೈತಿ," ಅಂದಳು. "ನೀ ಹೊರಗಿನಾಕಿ. ನೀ ಹೇಳು. ಉಡಿ ತುಂಬೂ ದಿನ ಹಿರ್ಯಾರು ಕುಂತಿರ್ತಾರ. ಅವರ ಮುಂದ ಒಂದ ಮಾತ. ಇಕಿ ಒಲ್ಲೆ ಅಂದಾಳ, ಅಂವ ಜುಲುಮಿ ಮಾಡ್ಯಾನ, ನನಗ ಹೇಳ್ಯಾಳ ಅಂತ. ಮುಂದಿಂದ ನಾ ನೋಡ್ಕೋತೇನಿ."

"ಹೂಂ," ಅಂದೆ.

"ಹೂಂ ಅಂದ್ರ?"

"ಹೇಳತೇನ್ಲೇ. ನಿನ್ನ ಆಣಿ."

ಆ ಸಂಜೆ ಅವಳು ನಮ್ಮ ಮನೆಯಲ್ಲೇ ಎರಡು ರೊಟ್ಟಿ ಉಂಡು ಹೋದಳು. ಹದಿನೈದು ದಿನದಿಂದ ಹೊಟ್ಟೆ ತುಂಬ ಉಂಡಿರಲಿಲ್ಲವಂತೆ.

ನಿಶ್ಚಯದ ದಿನ ಗಂಡಿನ ಕಡೆಯ ಮುತ್ತೈದೆಯರು ಹುಡುಗಿಯ ಉಡಿ ತುಂಬುತ್ತಾರೆ. ಹುಡುಗಿ ಎರಡೂ ಕೈಯಿಂದ ಸೆರಗು ಒಡ್ಡಬೇಕು. ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಉತ್ತತ್ತಿ, ಕುಬುಸದ ಕಣ ಬಿದ್ದವೆಂದರೆ ಮಾತು ಗಟ್ಟಿಯಾದಂತೆ. ಅವಳನ್ನು ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದ್ದರು. ಗೆಳತಿಯೆಂದು ನನ್ನನ್ನು ಬಾಜೂಕ್ಕೆ ಕೂರಿಸಿದ್ದರು. ಎದುರಿನ ಜಮಖಾನೆಯ ಮೇಲೆ ಊರ ಹಿರಿಯರು ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಆ ಮಾಮಾ ಹೊಸ ಅಂಗಿ ತೊಟ್ಟು ಕಂಬದ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. ಅವನನ್ನು ನೋಡಿದರೆ ಯಾರಿಗಾದರೂ ಪಾಪದವನು ಅನ್ನಿಸಬೇಕು, ಹಾಗೆ ನಿಂತಿದ್ದ.

ಆಯಿ ಎರಡೂ ಕೈಯಲ್ಲಿ ಅಕ್ಕಿ ತುಂಬಿಕೊಂಡು ಬಂದು ಬಾಗಿದಳು. "ಸೆರಗ ಒಡ್ಡು ನನ ಕೂಸ" ಅಂದಳು.

ಅವಳು ಒಡ್ಡಲಿಲ್ಲ. ಎರಡೂ ಕೈ ತೊಡೆಯ ಮೇಲೆ ಗಟ್ಟಿಯಾಗಿ ಹೆಣೆದು ಕೂತಿದ್ದಳು. ಮುಖ ತಿರುಗಿಸಿ ನನ್ನನ್ನು ನೋಡಿದಳು. ನಾನು ಮಾತಾಡಬೇಕಾದ ಹೊತ್ತು ಅದು. ಬಾಯಿ ತೆರೆದೆ ಕೂಡ. ಹಿರಿಯರಲ್ಲೊಬ್ಬರು ಕೆಮ್ಮಿದರು. ಯಾರೋ "ನಾಚತಾಳ ಬಿಡ್ರಿ" ಎಂದು ನಕ್ಕರು. ಆಯಿಯ ಮುದಿ ಕೈಯ ಸಂದಿನಿಂದ ನಾಲ್ಕು ಕಾಳು ಅಕ್ಕಿ ನೆಲಕ್ಕೆ ಬಿದ್ದವು. ಹೆಂಗಸರೆಲ್ಲ ಒಮ್ಮೆಗೇ "ಶಿವ ಶಿವಾ" ಅಂದರು. ಹಿಂದಿನಿಂದ ನನ್ನ ಅವ್ವ ನನ್ನ ಬೆನ್ನಿಗೆ ತಿವಿದಳು, "ಕಟ್ಟಿಗಿ ಕುಂತ್ಹಂಗ ಕುಂತೀಯಲ್ಲ, ಅಕಿ ಸೆರಗ ಹಿಡಿಬೇ!"

ನಾನು ಅವಳ ಸೆರಗನ್ನು ಎತ್ತಿ ಎರಡೂ ಕೈಯಿಂದ ಒಡ್ಡಿದೆ.

ಐದು ಮಂದಿ ಮುತ್ತೈದೆಯರು ಸರದಿಯಿಂದ ತುಂಬಿದರು. ಉಡಿ ಭಾರವಾಗುತ್ತ ಹೋಯಿತು, ನಾನು ಹಿಡಿದುಕೊಂಡೇ ಇದ್ದೆ. ಅವಳು ಮುಖ ಆಚೆ ತಿರುಗಿಸಿದಳು. ಎಲ್ಲರಿಗೂ ಸಕ್ಕರೆ ಹಂಚಿದರು, ನಾನೂ ಬಾಯಿಗೆ ಹಾಕಿಕೊಂಡೆ.

ಯಾಕೆ ಹಿಡಿದೆ ಎಂದು ಕೇಳಿದರೆ ಹತ್ತು ಕಾರಣ ಕೊಡಬಲ್ಲೆ. ಹಿರಿಯರಿದ್ದರು, ಅವ್ವ ತಿವಿದಳು, ನನಗೂ ವರ ನೋಡುತ್ತಿದ್ದರು, ಬಾಯಿ ಬಿಟ್ಟ ಹುಡುಗಿಯೆಂದು ನನ್ನ ಹೆಸರೂ ಕೆಡುತ್ತಿತ್ತು. ಕೈ ತಾನೇ ಹೋಯಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹಸಿ ಸುಳ್ಳು. ಯಾರ ಕೈಯೂ ತಾನೇ ಹೋಗುವುದಿಲ್ಲ. ಎಲ್ಲರೂ ನೋಡುತ್ತಿದ್ದ ಆ ಹೊತ್ತೊಂದು ಮುಗಿದರೆ ಸಾಕಾಗಿತ್ತು ನನಗೆ. ಅಷ್ಟಕ್ಕೆ ಅವಳನ್ನು ಮಾರಿದೆ.

ಯುಗಾದಿ ಮುಗಿದು ಲಗ್ನವಾಯಿತು. ಅವಳ ಕಾಲೇಜು ನಿಂತಿತು. ಬಿ.ಎಡ್. ಮಾಡಿ ಟೀಚರಾದವಳು ನಾನು. ಹಣೆಬರಹ ನೋಡಿ, ನನಗೆ ನೌಕರಿ ಸಿಕ್ಕಿದ್ದು ಕಲಘಟಗಿ ತಾಲೂಕಿನಲ್ಲಿ, ಅವಳ ಗಂಡನ ಊರ ಶಾಲೆಯಲ್ಲೇ. ಹನ್ನೆರಡು ವರ್ಷ ಅವಳ ಮನೆಯಿಂದ ನಾಲ್ಕು ಮನೆ ಆಚೆ ಇದ್ದೆ. ವಾರಕ್ಕೆ ಮೂರು ಸಲ ಅಲ್ಲಿ ಚಹಾ ಕುಡಿಯುತ್ತಿದ್ದೆ. ನಮ್ಮಿಬ್ಬರನ್ನು ಊರು ಜೀವದ ಗೆಳತಿಯರೆಂದು ಕರೆಯಿತು, ನಾನೂ ಹಾಗೇ ಕರೆದುಕೊಂಡೆ.

ಗಂಡನನ್ನು ಅವಳು ಏನೆಂದೂ ಕರೆಯುತ್ತಿರಲಿಲ್ಲ. ಏನೂ ಅಂದರೆ ಏನೂ. ಮಾಮಾ ಅನ್ನುವುದನ್ನು ಬಿಟ್ಟಿದ್ದಳು, ರೀ ಅನ್ನುವುದನ್ನು ಶುರು ಮಾಡಲಿಲ್ಲ. ಕರೆಯಬೇಕಾದರೆ ಚಮಚದಿಂದ ತಾಟು ಬಡಿಯುತ್ತಿದ್ದಳು, ಟಣ್ ಟಣ್ ಎಂದು. ಅಂಗಳದಲ್ಲಿದ್ದರೂ ಅವನು ಎದ್ದು ಬರುತ್ತಿದ್ದ. ಓಣಿಯ ಹೆಂಗಸರಿಗೆ ಅದು ತಮಾಷೆ. "ಎಷ್ಟ ನಾಚಿಕಿ ನೋಡ ಇಕಿಗೆ, ಇನ್ನೂ ಹೊಸಾ ಮದಲಗಿತ್ತಿ!" ಅನ್ನುತ್ತಿದ್ದರು. ಅವನೂ ನಗುತ್ತಿದ್ದ. ಅವಳ ಮುಖದಲ್ಲಿ ನಗು ಇರುತ್ತಿತ್ತೋ ಇಲ್ಲವೋ ಎಂದು ನಾನು ನೋಡಲು ಹೋಗುತ್ತಿರಲಿಲ್ಲ.

ಮಗಳು ಹುಟ್ಟಿದಾಗ ತೊಟ್ಟಿಲು ತೂಗುತ್ತ ಆಯಿ, "ಯಾರ ಹೇಣ್ತಿ ಇಕಿ? ಮಾಮಾನ ಹೇಣ್ತಿ" ಎಂದು ಹಾಡತೊಡಗಿದಳು. ಕೂಸಿನ ಮಾಮಾ ಅಂದರೆ ಇವಳ ತಮ್ಮ, ಆಗಿನ್ನೂ ಹೈಸ್ಕೂಲು ಹುಡುಗ, ಪಾಪ, ಅವನಿಗೇನೂ ಗೊತ್ತಿಲ್ಲ. ಬಾಣಂತಿ ಎದ್ದು ಬಂದು ಕೂಸನ್ನು ತೊಟ್ಟಿಲಿನಿಂದ ಎತ್ತಿಕೊಂಡಳು. "ಇನ್ನೊಮ್ಮೆ ಅಂದಿ ಅಂದ್ರ ಈ ತೊಟ್ಟಲಾ ಒಲಿಯಾಗ ಇಡತೇನಿ" ಅಂದಳು. ಆ ಮನೆಯಲ್ಲಿ ಅವಳು ದನಿ ಏರಿಸಿದ್ದು ಅದೊಂದೇ ಸಲ. ಬಾಣಂತಿ ಸನ್ನಿ ಎಂದು ಹೊಗೆ ಹಾಕಿಸಿದರು.

ಆ ಮಗಳನ್ನು ಆರನೆಯ ಇಯತ್ತೆಗೇ ಧಾರವಾಡದ ಹಾಸ್ಟೆಲ್ಲಿಗೆ ಹಾಕಿದಳು. ಕಲ್ಲು ಮನಸ್ಸಿನವಳೆಂದು ಎಲ್ಲರೂ ಅಂದರು, ನಾನೂ ಅಂದೆ. "ನಮ್ಮ ಸಾಲಿ ಏನ ಕಡಿಮಿ ಆಗೇತಿ? ನಾ ಇದ್ದೇನಲ್ಲ ನೋಡ್ಕೊಳ್ಳಾಕ" ಅಂದೆ. ಅವಳು ನನ್ನ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದಳು.

ಹುಬ್ಬಳ್ಳಿಯ ಖಾನಾವಳಿಗಳಿಗೆ ಅವಳು ರೊಟ್ಟಿ ಮಾಡಿ ಕಳಿಸುತ್ತಿದ್ದಳು. ಆರು ಒಲೆ, ಆರು ಮಂದಿ ಹೆಂಗಸರು, ಬೆಳಗಿನಿಂದ ತಟ್ಟುವ ಸಪ್ಪಳ. ಕೆಲಸದ ನಡುವೆ ಹೆಂಗಸರು ಕಷ್ಟಸುಖ ಹೇಳಿಕೊಳ್ಳುತ್ತಾರೆ, ಕೇಳುವವರು ತಟ್ಟುತ್ತಲೇ ಕೇಳುತ್ತಾರೆ. ಅವಳು ಮಾತ್ರ ಹಾಗಲ್ಲ. ಯಾರದಾದರೂ ದನಿ ಸ್ವಲ್ಪ ಬದಲಾಯಿತೆಂದರೆ ಹಂಚಿನ ಮೇಲಿನ ರೊಟ್ಟಿ ಇಳಿಸಿ, ಕೈ ತೊಳೆದು, ಒರೆಸಿಕೊಂಡು ಎದುರಿಗೆ ಬಂದು ಕೂಡುವಳು. "ಹೂಂ, ಈಗ ಹೇಳು" ಅನ್ನುವಳು. ಪಾಪ ಅನ್ನುತ್ತಿರಲಿಲ್ಲ, ಯಾರಿಗೂ ಹೇಳಬೇಡ ಅನ್ನುತ್ತಿರಲಿಲ್ಲ. ಎಲ್ಲ ಕೇಳಿ, "ನೀ ಏನ ಆಗಬೇಕಂತೀ?" ಎಂದು ಒಂದೇ ಪ್ರಶ್ನೆ ಕೇಳುವಳು. ಒಮ್ಮೆ ಹೊಸ ಸೊಸೆಯೊಬ್ಬಳು ತನ್ನ ಮೈದುನನ ಸುದ್ದಿ ಹೇಳಿದಾಗ, ರೊಟ್ಟಿಯ ಡಬ್ಬಿ ಅಲ್ಲಿಗೇ ಬಿಟ್ಟು ಅವಳನ್ನು ಬಸ್ಸಿಗೆ ಹತ್ತಿಸಿಕೊಂಡು ಕಲಘಟಗಿ ಠಾಣೆಗೆ ಹೋದಳು. ಬರುವಾಗ ಸಂಜೆಯಾಗಿತ್ತು. "ಊರ ಉಸಾಬರಿ ನಿನಗ್ಯಾಕ?" ಎಂದು ಗಂಡ ಕೂಗಾಡಿದ. ಇವಳು ತಾಟು ಬಡಿದಳು, ಟಣ್ ಟಣ್, ಊಟಕ್ಕೆ ಬಾ ಎಂದು.

ಅಂದೇ ನನಗೆ ಧೈರ್ಯ ಬಂದು, ಅವಳ ಅಡಿಗೆಮನೆಯಲ್ಲಿ ಕೂತು, "ಅವತ್ತ ನಿನ್ನ ಸೆರಗ ನಾ ಹಿಡೀಬಾರದಿತ್ತು" ಅಂದೆ. ಹದಿಮೂರು ವರ್ಷದ ಮೇಲೆ ಅಂದೆ. ಅವಳು ನನ್ನ ತಾಟಿಗೆ ಶೇಂಗಾ ಚಟ್ನಿ ಬಡಿಸುತ್ತಿದ್ದಳು. "ರೊಟ್ಟಿ ಆರತಾವು, ತಿನ್ನು" ಅಂದಳು. ಬಯ್ದಿದ್ದರೆ ಅತ್ತು ಹಗುರಾಗುತ್ತಿದ್ದೆ. ಬಯ್ಯಲಿಲ್ಲ. ತಿಂದೆ. ಕ್ಷಮಿಸಿದ್ದಾಳೆ, ಅದಕ್ಕೇ ಮಾತು ಬೆಳೆಸಲಿಲ್ಲ ಎಂದು ತಿಳಿದುಕೊಂಡೆ. ಅಷ್ಟು ಪ್ರೀತಿಯಿಂದ ಉಣ್ಣಿಸುವವಳು ಕ್ಷಮಿಸದೆ ಇರುತ್ತಾಳೆಯೇ? ಹಾಗೆಂದುಕೊಂಡೇ ಮುಂದಿನ ಐದು ವರ್ಷ ಕಳೆದೆ.

ಅವಳ ಹನ್ನೊಂದನೆಯ ದಿನಕ್ಕೆ ಮಗಳು ಹಾಸ್ಟೆಲ್ಲಿನಿಂದ ಬಂದಿದ್ದಳು. ಈಗ ಒಂಬತ್ತನೆಯ ಇಯತ್ತೆ, ತಾಯಿಯದೇ ಅಗಲ ಹಣೆ. ಜನ ಉಣ್ಣುತ್ತಿದ್ದರು. ಇವಳು ಹಿತ್ತಲ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಹೋಗಿ ಬಾಜೂಕ್ಕೆ ಕೂತು ಕೈ ಹಿಡಿದುಕೊಂಡೆ.

"ಯಾವುದಕ್ಕೂ ಹೆದರಬ್ಯಾಡವ್ವಾ," ಅಂದೆ. "ಏನರ ಆದ್ರ, ಯಾರರ ಏನರ ಅಂದ್ರ, ಮಾಡಿದ್ರ, ನನ್ನ ಮುಂದ ಹೇಳು. ನಿಮ್ಮವ್ವ ಎಲ್ಲಾರಿಗಿಂತ ಮೊದಲ ನನಗ ಹೇಳತಿದ್ಳು."

ಹುಡುಗಿ ಮರ್ಯಾದೆಯಿಂದಲೇ ಹೇಳಿದಳು, "ಅವ್ವ ಮೂರ ಮಂದಿ ಹೆಸರ ಬಾಯಿಪಾಠ ಮಾಡಿಸ್ಯಾಳ್ರಿ. ಏನರ ಆದ್ರ ಅವರಿಗೆ ಹೇಳಬೇಕಂತ. ನಮ್ಮ ವಾರ್ಡನ್ನು, ಆಸ್ಪತ್ರಿ ನರ್ಸಬಾಯಿ, ಮತ್ತ ಅವ್ವ ಠಾಣೆಕ್ಕ ಕರಕೊಂಡ ಹೋಗಿದ್ಳಲ್ರಿ, ಆ ಅಕ್ಕ."

"ನನ್ನ ಹೆಸರ ಮರತಿರಬೇಕ ತಗೋ," ಎಂದು ನಕ್ಕೆ.

"ಇಲ್ರಿ ಟೀಚರ್. ನಾನ ಕೇಳಿದ್ನಿ, ಟೀಚರಿಗೆ ಹೇಳ್ಲೇನು ಅಂತ." ಅವಳು ನನ್ನ ಮುಖವನ್ನು ನೇರ ನೋಡಿದಳು. "ಟೀಚರ್ ಭಾಳ ಚಲೋದವರು, ಹಸುವಾದ್ರ ಅವರ ಮನಿಗೆ ಹೋಗು, ಹೊಟ್ಟಿ ತುಂಬ ಉಣ್ಣಸ್ತಾರ ಅಂದ್ಳ್ರಿ. ಆದ್ರ ಇಂಥಾದ್ದ ಏನಿದ್ರೂ ಅವರಿಗೆ ಹೇಳಬ್ಯಾಡ ಅಂದ್ಳ್ರಿ."

ಯಾಕೆಂದು ಹುಡುಗಿ ಕೇಳಲಿಲ್ಲ. ಗೊತ್ತಿತ್ತೋ ಇಲ್ಲವೋ, ತಿಳಿಯದು. ಒಳಗೆ ಯಾರೋ ಅವಳ ತಾಯಿಯನ್ನು ಇನ್ನೂ ಹೊಗಳುತ್ತಿದ್ದರು. ಅಲ್ಲಿಂದ ಎದ್ದು ಓಡಿ ಹೋಗಬೇಕೆನ್ನಿಸಿತು. ಆದರೆ ಹುಡುಗಿಯ ಕೈ ನನ್ನ ಕೈಯಲ್ಲಿತ್ತು.

"ಖರೇ ಹೇಳ್ಯಾಳ ನಿಮ್ಮವ್ವ," ಅಂದೆ. "ಆ ಮೂರ ಹೆಸರ ಮರೀಬ್ಯಾಡ. ಊಟ ಮಾಡಿಯೇನು?"

"ಇಲ್ರಿ."

"ಬಾ" ಎಂದು ಎಬ್ಬಿಸಿಕೊಂಡು ನಮ್ಮ ಮನೆಗೆ ಕರೆದುಕೊಂಡು ಹೋಗಿ, ತಾಟು ಹಾಕಿ ಬಡಿಸಿದೆ.